ದರದ ಮಾತು ಸಾಕು, ಡ್ರಾಯಿಂಗ್ ಹಿಡಿದು ಶೆಡ್‌ಗೆ ಬನ್ನಿ

ಮೈಸೂರು, ನಂಜನಗೂಡಿನ ದೊಡ್ಡ ಕಾರ್ಖಾನೆಗಳ ಪರ್ಚೇಸ್, ಕ್ವಾಲಿಟಿ ಮತ್ತು ಡಿಸೈನ್ ವಿಭಾಗಗಳ ಮುಖ್ಯಸ್ಥರಿಗೆ,
ಪ್ರತಿ: ಜಂಟಿ ನಿರ್ದೇಶಕರು, ಜಿಲ್ಲಾ ಕೈಗಾರಿಕಾ ಕೇಂದ್ರ, ಮೈಸೂರು

ಮಾನ್ಯರೇ, ನಮಸ್ಕಾರ.

ಏಪ್ರಿಲ್ ಬಂತೆಂದರೆ ನಮ್ಮಂಥ ಸಣ್ಣ ಶೆಡ್‌ಗಳಿಗೆ ನಿಮ್ಮ ಕಡೆಯಿಂದ ಒಂದು ಮೇಲ್ ಬರುತ್ತದೆ. ಒಕ್ಕಣೆ ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ. ಪೈಪೋಟಿ ಜಾಸ್ತಿಯಾಗಿದೆ, ಆದ್ದರಿಂದ ಇಷ್ಟು ಪರ್ಸೆಂಟ್ ಇಳಿಸಿ ಹೊಸ ಕೊಟೇಶನ್ ಕಳಿಸಿ. ಕೆಳಗೆ, ನಮ್ಮ ಬೆಳವಣಿಗೆಯ ಪಾಲುದಾರರಾದ ನಿಮಗೆ ವಂದನೆಗಳು. ಸ್ಟೀಲ್ ದರ ಏನಾಗಿದೆ, ಇನ್ಸರ್ಟ್ (ಲೋಹ ಕೊರೆಯುವ ಮೊನೆ) ದರ ಏನಾಗಿದೆ, ಕರೆಂಟ್ ಬಿಲ್ ಎಷ್ಟು ಬರುತ್ತಿದೆ, ಇದ್ಯಾವುದನ್ನೂ ಆ ಮೇಲ್ ಕೇಳುವುದಿಲ್ಲ. ಇಳಿಸಬೇಕು ಅಷ್ಟೇ.

ನನ್ನದು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಮೆಷಿನ್ ಶಾಪ್. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್‌ಗಳು, ಲೋಹ ಕೊರೆಯುವ ಒಂದು ವಿಎಂಸಿ ಮೆಷಿನ್, ಮೂಲೆಯಲ್ಲಿ ನಮ್ಮ ತಂದೆಯವರ ಕಾಲದ ಹಳೇ ಲೇತ್. ಬುಷ್, ಫ್ಲೇಂಜ್, ಹೌಸಿಂಗ್ ಇಂಥ ಬಿಡಿಭಾಗಗಳು ನಮ್ಮ ಕೆಲಸ. ಮೇಟಗಳ್ಳಿ, ಹೂಟಗಳ್ಳಿ, ಬೆಳವಾಡಿ, ಕೂರ್ಗಳ್ಳಿ, ಆ ಕಡೆ ಕಡಕೊಳ, ತಾಂಡವಪುರದವರೆಗೂ ಇಂಥ ಶೆಡ್‌ಗಳಿವೆ. ಮೈಸೂರು ಅಂದರೆ ಅರಮನೆ, ದಸರಾ, ರಿಟೈರ್ ಆದವರ ಊರು ಅಂತ ಹೊರಗಿನವರು ತಿಳಿದಿದ್ದಾರೆ. ಟೈರು, ಆಕ್ಸಲ್, ಬೈಕು, ಪೇಂಟು, ಗಣಿಗಳ ಡಂಪರ್ ಎಲ್ಲ ಇಲ್ಲೇ ಆಗುತ್ತವೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಅವುಗಳ ಹಿಂದೆ ನಮ್ಮಂಥವರು ಇದ್ದೇವೆ ಅನ್ನುವುದು ಇನ್ನೂ ಗೊತ್ತಿಲ್ಲ. ಇರಲಿ, ಅದು ಬೇರೆ ಮಾತು.

ನಾನು ಹೇಳಬೇಕಾಗಿರುವುದು ಒಂದೇ. ನೀವು ಪ್ರತಿ ವರ್ಷ ದರದಲ್ಲಿ ಹುಡುಕುತ್ತಿರುವ ದುಡ್ಡು ದರದಲ್ಲಿ ಇಲ್ಲ. ನಿಮ್ಮ ಗೇಟಿಗೂ ನಮ್ಮ ಗೇಟಿಗೂ ನಡುವೆ ಸೋರಿಹೋಗುತ್ತಿದೆ. ಆಡಬೇಕಾದ ಮಾತನ್ನು ಆಡಬೇಕಾದವರು ಆಡದೇ ಇರುವುದರಿಂದ ಸೋರುತ್ತಿದೆ.

ಒಂದು ಉದಾಹರಣೆ ಕೊಡುತ್ತೇನೆ. ಅಲ್ಯೂಮಿನಿಯಂ ಹೌಸಿಂಗ್, ಅದರಲ್ಲಿ 25 ಮಿ.ಮೀ. ಬೋರ್ (ತೂತು), ಅಳತೆಯ ಮಿತಿ ಎಚ್7. ಅಂದರೆ 25.000ದಿಂದ 25.021ರವರೆಗೆ ಇರಬಹುದು, ಒಟ್ಟು 21 ಮೈಕ್ರಾನ್ ಜಾಗ (ಮಿ.ಮೀ.ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ನಮ್ಮಲ್ಲಿ ಪ್ಲಗ್ ಗೇಜ್ (ತೂತಿನ ಅಳತೆ ನೋಡುವ ಕಡ್ಡಿ; ಗೋ ಸೈಡ್ ಒಳಗೆ ಹೋಗಬೇಕು, ನೋ-ಗೋ ಹೋಗಬಾರದು) ಹಾಕಿ ನೋಡಿದೆವು, ಗೋ ಸೈಡ್ ಒಳಗೆ ಹೋಯಿತು, ನೋ-ಗೋ ಹೋಗಲಿಲ್ಲ. ಸರಿ ಅಂತ ಪ್ಯಾಕ್ ಮಾಡಿ ಕಳಿಸಿದೆವು. ಎರಡು ದಿನಕ್ಕೆ ಫೋನ್. ‘ಬೋರ್ ಅಂಡರ್‌ಸೈಜ್, ಪೂರ್ತಿ ಲಾಟ್ ರಿಜೆಕ್ಟ್, ಡೆಬಿಟ್ ನೋಟ್ ಹಾಕಿದ್ದೇವೆ.’ ಅಂದರೆ ತೂತು ಸಣ್ಣದು, ನಮ್ಮ ಬಿಲ್ಲಿನಿಂದ ದುಡ್ಡು ಕಡಿತ. ಹುಡುಗರನ್ನು ಕೇಳಿದರೆ ‘ಇಲ್ಲಿ ಗೇಜ್ ಹೋಗಿತ್ತು ಸಾರ್’ ಅಂತಾರೆ. ನಿಮ್ಮವರನ್ನು ಕೇಳಿದರೆ ‘ಇಲ್ಲಿ ಹೋಗ್ತಿಲ್ಲ ಬನ್ನಿ, ನೀವೇ ನೋಡಿ’ ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ನಿಮ್ಮ ಮೆಟ್ರಾಲಜಿ ರೂಮಿನಲ್ಲಿ ಎಸಿ ಓಡುತ್ತಿರುತ್ತದೆ, 20 ಡಿಗ್ರಿ. ಅಳತೆಗೆ ಲೋಕವೆಲ್ಲ ಒಪ್ಪಿರುವ ಉಷ್ಣತೆ ಅದು. ನಮ್ಮ ಶೀಟ್ ಛಾವಣಿಯ ಕೆಳಗೆ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ. 14 ಡಿಗ್ರಿ ವ್ಯತ್ಯಾಸಕ್ಕೆ ಅಲ್ಯೂಮಿನಿಯಂನ ಆ ಬೋರ್ ಸುಮಾರು 8 ಮೈಕ್ರಾನ್ ಹಿಗ್ಗುತ್ತದೆ. ಗೇಜ್ ಸ್ಟೀಲಿನದು, ಅದು ಹಿಗ್ಗುವುದು ಅದರ ಅರ್ಧ. ಮಿಕ್ಕ 4 ಮೈಕ್ರಾನ್‌ನಲ್ಲಿ ನಮ್ಮಿಬ್ಬರ ಜಗಳ. ಬೋರ್ ಕೆಳಗಿನ ಮಿತಿಯ ಹತ್ತಿರ ಇದ್ದರೆ ನಮ್ಮಲ್ಲಿ ಸಲೀಸಾಗಿ ಹೋದ ಗೇಜ್ ನಿಮ್ಮಲ್ಲಿ ಬಾಗಿಲಲ್ಲೇ ನಿಲ್ಲುತ್ತದೆ. ಮೆಷಿನ್‌ನಿಂದ ಆಗತಾನೇ ತೆಗೆದ ಪಾರ್ಟ್ ಆಗಿದ್ದರೆ ಕೇಳುವುದೇ ಬೇಡ, ಅದು ಇನ್ನೂ ಬಿಸಿ.

ಪರಿಹಾರ ಏನು ಗೊತ್ತಾ? ಬೋರ್ ಅನ್ನು ಮೇಲಿನ ಮಿತಿಯ ಕಡೆಗೆ ಸ್ವಲ್ಪ ಸರಿಸಿ ಕೊರೆಯುವುದು, ಮತ್ತು ಪಾರ್ಟನ್ನು ತಣಿಯಲು ಬಿಟ್ಟು ಅಳೆಯುವುದು. ಒಂದು ಪೈಸೆ ಖರ್ಚಿಲ್ಲ. ನಿಮ್ಮ ಇನ್‌ಸ್ಪೆಕ್ಟರ್ ಗೇಜ್ ಹಿಡಿದು ಒಂದು ಮಧ್ಯಾಹ್ನ ನಮ್ಮ ಮೆಷಿನ್ ಪಕ್ಕ ನಿಂತಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಬದಲಿಗೆ ಏನಾಯಿತು? ಲಾಟ್ ವಾಪಸ್ ಬಂತು, ಮತ್ತೆ ಹೋನಿಂಗ್ (ಬೋರ್ ಒಳಗೆ ಉಜ್ಜುವ ಕೆಲಸ) ಮಾಡಿಸಿದ್ದಾಯಿತು, ಎರಡು ಸಲ ಟೆಂಪೋ ಬಾಡಿಗೆ, ಡೆಬಿಟ್ ನೋಟ್, ಅದಕ್ಕೊಂದು ಉತ್ತರ, ಮತ್ತೊಂದು ಇನ್ಸ್‌ಪೆಕ್ಷನ್ ರಿಪೋರ್ಟ್. ನಿಮ್ಮ ಅಸೆಂಬ್ಲಿ ಲೈನಿನಲ್ಲಿ ಅಷ್ಟು ಹೊತ್ತು ಏನು ನಡೆಯಿತೋ ನಿಮಗೇ ಗೊತ್ತು. ವರ್ಷದ ಕೊನೆಗೆ ನಮ್ಮ ವೆಂಡರ್ ರೇಟಿಂಗ್‌ನಲ್ಲಿ ಕೆಂಪು ಬಣ್ಣ.

ಇನ್ನೊಂದು ಕಡೆ ಇದರ ಉಲ್ಟಾ ಆಗಿದ್ದನ್ನೂ ನೋಡಿದ್ದೇನೆ. ಒಂದು ಫ್ಲೇಂಜಿನ ಡ್ರಾಯಿಂಗ್‌ನಲ್ಲಿ ಎರಡೂ ಮುಖಕ್ಕೆ 0.8 ಫಿನಿಶ್ ಕೇಳಿದ್ದರು (ಅಂಕಿ ಕಮ್ಮಿಯಾದಷ್ಟೂ ನುಣುಪು ಜಾಸ್ತಿ). ಅಷ್ಟು ನುಣುಪು ಬೇಕೆಂದರೆ ನಾವು ಟರ್ನಿಂಗ್ ಆದಮೇಲೆ ಗ್ರೈಂಡಿಂಗ್‌ಗೆ ಹೊರಗೆ ಕಳಿಸಬೇಕು. ಡಿಸೈನ್ ವಿಭಾಗದ ಒಬ್ಬ ಹುಡುಗ ಯಾವುದೋ ಬೇರೆ ಕೆಲಸಕ್ಕೆ ಬಂದವನು ಸುಮ್ನೆ ಶೆಡ್ ಒಳಗೆ ಅಡ್ಡಾಡುತ್ತಿದ್ದ. ಗ್ರೈಂಡಿಂಗ್‌ಗೆ ಹೊರಟಿದ್ದ ಟ್ರೇ ನೋಡಿ ‘ಇದನ್ನ ಯಾಕೆ ಗ್ರೈಂಡ್ ಮಾಡ್ತೀರಿ?’ ಅಂದ. ಡ್ರಾಯಿಂಗ್ ತೋರಿಸಿದೆವು. ಹಿಂಬದಿಯ ಮುಖ ಯಾವುದಕ್ಕೂ ತಾಗುವುದೇ ಇಲ್ಲ, ಸೀಲ್ ಕೂರುವುದು ಮುಂಬದಿಗೆ ಮಾತ್ರ. ಹಳೇ ಪಾರ್ಟಿನ ಡ್ರಾಯಿಂಗ್ ಕಾಪಿ ಮಾಡುವಾಗ ಅದೂ ಜೊತೆಗೆ ಬಂದುಬಿಟ್ಟಿತ್ತು. ಹಿಂಬದಿಗೆ 3.2 ಸಾಕು ಅಂತ ಡ್ರಾಯಿಂಗ್ ತಿದ್ದಿಸಿದ. ಒಂದು ಮುಖದ ಗ್ರೈಂಡಿಂಗ್ ಖರ್ಚು ಪೂರ್ತಿ ಹೋಯಿತು. ಆ ಪಾರ್ಟಿನ ದರ ನಾವೇ ಇಳಿಸಿ ಕೊಟ್ಟೆವು, ಯಾರೂ ಮೇಲ್ ಹಾಕಿರಲಿಲ್ಲ.

ಆ ಹುಡುಗನಿಗೆ ಕಾರ್ಖಾನೆಯಲ್ಲಿ ಶಭಾಷ್ ಸಿಕ್ಕಿತೋ ಇಲ್ಲವೋ ಅನ್ನುವ ಅನುಮಾನ ನನಗಿದೆ. ಯಾಕೆಂದರೆ ನಿಮ್ಮಲ್ಲಿ ಲೆಕ್ಕ ಹಾಕುವ ರೀತಿಯೇ ಹಾಗಿದೆ. ಪರ್ಚೇಸ್‌ನವರಿಗೆ ವರ್ಷದ ಮಾರ್ಕ್ಸ್ ಸಿಗುವುದು ದರ ಇಳಿಸಿದ್ದಕ್ಕೆ. ರಿಜೆಕ್ಷನ್ ಆದರೆ ಅದು ಕ್ವಾಲಿಟಿಯವರ ಖಾತೆ. ಲೈನ್ ನಿಂತರೆ ಪ್ರೊಡಕ್ಷನ್‌ನವರ ಖಾತೆ. ಅರ್ಜೆಂಟ್ ಅಂತ ಗಾಡಿ ಮಾಡಿ ತರಿಸಿದರೆ ಸ್ಟೋರ್ಸ್‌ನವರ ಖಾತೆ. ಡ್ರಾಯಿಂಗ್ ಯಾರ ಖಾತೆಯಲ್ಲೂ ಇಲ್ಲ. ಐವತ್ತು ಪೈಸೆ ಕಮ್ಮಿ ಅಂತ ಹೊಸ ವೆಂಡರ್‌ಗೆ ಪಿಒ (ಖರೀದಿ ಆದೇಶ) ಕೊಟ್ಟು, ಅಲ್ಲಿ ಆದ ರಿಜೆಕ್ಷನ್‌ಗೆ ಐದು ರೂಪಾಯಿ ಕಳೆದುಕೊಂಡರೂ ಪರ್ಚೇಸ್‌ನ ಚಾರ್ಟಿನಲ್ಲಿ ಐವತ್ತು ಪೈಸೆ ಉಳಿತಾಯವೇ ಕಾಣುತ್ತದೆ. ಇದನ್ನು ನಾವು ಸರಿ ಮಾಡಲಾಗುವುದಿಲ್ಲ. ನೀವು ನೀವೇ ಒಂದು ಟೇಬಲ್ ಸುತ್ತ ಕೂತು ಮಾಡಬೇಕು.

ವೆಂಡರ್ ಮೀಟ್ ಅಂತ ವರ್ಷಕ್ಕೊಮ್ಮೆ ಕರೆಯುತ್ತೀರಿ. ಒಳ್ಳೇ ಹೋಟೆಲ್, ಹಾರ ತುರಾಯಿ, ಪರದೆಯ ಮೇಲೆ ಪಿಪಿಟಿ. ಊಟ ಚೆನ್ನಾಗಿರುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಮುನ್ನೂರು ಜನ ಕೂತಿರುವ ಹಾಲ್‌ನಲ್ಲಿ ಎದ್ದು ನಿಂತು ‘ಸಾರ್, ನಿಮ್ಮ ಡ್ರಾಯಿಂಗ್ ತಪ್ಪಿದೆ’ ಅನ್ನಲು ಯಾರಿಗೆ ಧೈರ್ಯ ಬರುತ್ತದೆ? ಅದು ಮಾತಾಡುವ ಜಾಗ ಅಲ್ಲ. ಚಪ್ಪಾಳೆ ತಟ್ಟುವ ಜಾಗ.

ಈಗ ಶೆಡ್ಯೂಲ್ ವಿಷಯ. ಮಂಡ್ಯದ ಕಬ್ಬಿನ ರೈತರನ್ನು ನೋಡಿ. ಅವರೂ ಸಪ್ಲೈಯರೇ ಅಲ್ವಾ? 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಶುರುವಾದಾಗಿನಿಂದ ಆ ಜಿಲ್ಲೆಗೆ ಈ ಸಂಬಂಧದ ಸಿಹಿ ಕಹಿ ಎರಡೂ ಗೊತ್ತು. ಕಟಾವಿಗೆ ಪರ್ಮಿಟ್ ಬಂತು ಅಂತ ಕಬ್ಬು ಕಡಿದ ಮೇಲೆ ಮಿಲ್ ನಿಂತರೆ, ಗಾಡಿಯಲ್ಲೇ ಕಬ್ಬು ಒಣಗುತ್ತದೆ. ತೂಕ ಇಳಿಯುತ್ತದೆ, ಇಳುವರಿಯೂ ಇಳಿಯುತ್ತದೆ. ನಷ್ಟ ರೈತನಿಗೆ, ಆದರೆ ಮಿಲ್‌ಗೂ ಸಕ್ಕರೆ ಕಮ್ಮಿಯೇ. ನಮ್ಮಲ್ಲೂ ಅದೇ ಕತೆ. ತಿಂಗಳ ಮೊದಲಿಗೆ ಎರಡು ಸಾವಿರ ಪೀಸ್ ಅಂತ ಶೆಡ್ಯೂಲ್ ಬರುತ್ತದೆ. ಅದನ್ನು ನಂಬಿ ಲೋಹದ ಬಾರ್ ತರಿಸುತ್ತೇವೆ, ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ದುಡ್ಡಿನಲ್ಲಿ. ಹತ್ತನೇ ತಾರೀಕಿಗೆ ಎಂಟುನೂರು ಸಾಕು ಅಂತ ಫೋನ್. ಇಪ್ಪತ್ತೈದಕ್ಕೆ, ಮಿಕ್ಕಿದ್ದೂ ಬೇಕು, ನಾಳೆಯೇ ಬೇಕು, ನೈಟ್ ಶಿಫ್ಟ್ ಓಡಿಸಿ. ಮಾರುಕಟ್ಟೆ ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಮುಂದಿನ ಎರಡು ವಾರದ ಸಂಖ್ಯೆಯನ್ನಾದರೂ ಕೆಡಿಸದೇ ಇಡಬಹುದು. ಆಮೇಲಿನದು ಅಂದಾಜು ಅಂತ ಬರೆದು ಕೊಟ್ಟರೂ ಸಾಕು, ಅಂದಾಜಿಗೆ ತಕ್ಕಂತೆ ನಾವೂ ನಡೆಯುತ್ತೇವೆ. ಶೆಡ್ಯೂಲ್ ನಂಬಿ ತಂದ ಮೆಟೀರಿಯಲ್ ಬೇಡವಾದರೆ ಅದರ ಹೊಣೆ ಇಷ್ಟು ನಿಮ್ಮದು, ಇಷ್ಟು ನಮ್ಮದು ಅಂತ ಪಿಒದಲ್ಲೇ ಒಂದು ಸಾಲು ಇರಲಿ.

ಕಬ್ಬಿನ ರೈತನಿಗೆ ಕಾನೂನಿನಲ್ಲಿ ಒಂದು ಆಸರೆ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಬರಬೇಕು, ತಡವಾದರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ. ಬರುತ್ತದೋ ಇಲ್ಲವೋ ಅನ್ನುವುದನ್ನು ಮಂಡ್ಯದವರನ್ನೇ ಕೇಳಿ. ನಮಗೂ ಕಾಗದದ ಮೇಲೆ ಆಸರೆ ಇದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಕೊಡಬೇಕಾದ ದುಡ್ಡನ್ನು, ಲಿಖಿತ ಒಪ್ಪಂದ ಏನೇ ಇದ್ದರೂ, 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ. ಆದರೂ ನಿಮ್ಮ ಪಿಒಗಳಲ್ಲಿ ‘90 ದಿನ’ ಅಂತ ಅಚ್ಚಾಗಿ ಬರುತ್ತಲೇ ಇದೆ.

ಇನ್ನೊಂದು ಚಾಲಾಕಿ ಇದೆ. ದಿನ ಎಣಿಸಲು ಶುರುಮಾಡುವುದು ಯಾವಾಗಿಂದ? ಮಾಲು ಗೇಟಿಗೆ ಬಂದ ದಿನದಿಂದ ಅಲ್ಲ, ಜಿಆರ್‌ಎನ್ (ಮಾಲು ಸ್ವೀಕರಿಸಿದ ಚೀಟಿ) ಆದ ದಿನದಿಂದ ಅಂತೀರಿ. ಜಿಆರ್‌ಎನ್ ಮಾಡುವವರು ರಜೆ, ಇನ್‌ಸ್ಪೆಕ್ಷನ್ ಬಾಕಿ, ಸಿಸ್ಟಂ ಡೌನ್. ಕಾಯ್ದೆ ಹಾಗೆ ಹೇಳುವುದಿಲ್ಲ. ಮಾಲು ಕೈಸೇರಿದ 15 ದಿನದೊಳಗೆ ಲಿಖಿತವಾಗಿ ಆಕ್ಷೇಪ ಎತ್ತದಿದ್ದರೆ, ಕೈಸೇರಿದ ದಿನವೇ ಒಪ್ಪಿಕೊಂಡಂತೆ ಲೆಕ್ಕ. ನಿಮ್ಮ ಅಕೌಂಟ್ಸ್‌ನವರಿಗೆ ಇದು ಗೊತ್ತಿಲ್ಲ ಅಂತ ನಾನಂತೂ ನಂಬುವುದಿಲ್ಲ.

ಜಿಎಸ್‌ಟಿ ಬೇರೆ ಕಾಯುವುದಿಲ್ಲ. ಈ ತಿಂಗಳ ಬಿಲ್ಲಿನ ತೆರಿಗೆಯನ್ನು ಮುಂದಿನ ತಿಂಗಳ 20ರೊಳಗೆ ನಾವು ಕಟ್ಟಿಬಿಡಬೇಕು, ನಿಮ್ಮಿಂದ ದುಡ್ಡು ಬಂದಿರಲಿ ಬಿಡಲಿ. ಆ ತೆರಿಗೆಯ ಕ್ರೆಡಿಟ್ ನೀವು ತೆಗೆದುಕೊಳ್ಳುತ್ತೀರಿ. ಅಂದರೆ ಬಡ್ಡಿಯಿಲ್ಲದ ಸಾಲ ಕೊಡುತ್ತಿರುವುದು ಯಾರು ಯಾರಿಗೆ ಹೇಳಿ? 2023ರ ಬಜೆಟ್‌ನಲ್ಲಿ ಸರ್ಕಾರ ಒಂದು ಮೂಗುದಾರ ಹಾಕಿತು. ಸಣ್ಣವರಿಗೆ ಗಡುವಿನೊಳಗೆ ಕೊಡದ ದುಡ್ಡನ್ನು, ನಿಜವಾಗಿ ಕೊಟ್ಟ ವರ್ಷದವರೆಗೂ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಒಳ್ಳೇ ನಿಯಮ. ಆದರೆ ಅದು ಬಂದ ಮೇಲೆ ‘ಸಣ್ಣ ಘಟಕ ಅಂತ ಮಾಡಿಸಿರುವ ನಿಮ್ಮ ಉದ್ಯಮ್ ನೋಂದಣಿ ಕೈಬಿಡಿ, ಇಲ್ಲಾಂದ್ರೆ ಆರ್ಡರ್ ಕಷ್ಟ’ ಅಂತ ಮೆಲ್ಲಗೆ ಹೇಳಿಸಿಕೊಂಡ ಗೆಳೆಯರಿದ್ದಾರೆ. ಕಾನೂನಿನಿಂದ ಎಷ್ಟು ಆಗುತ್ತದೆ, ಎಷ್ಟು ಆಗುವುದಿಲ್ಲ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ದುಡ್ಡು ತಡವಾದರೆ ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ, ಅಲ್ಲಿಂದ ದೂರು ವ್ಯಾಜ್ಯ ಬಗೆಹರಿಸುವ ಕೌನ್ಸಿಲ್‌ಗೆ ಹೋಗುತ್ತದೆ. ನಿಜ. ದೂರು ಕೊಟ್ಟವನಿಗೆ ಮುಂದಿನ ಪಿಒ ಎಲ್ಲಿಂದ ಬರಬೇಕು?

ಅದಕ್ಕಿಂತ ಟ್ರೆಡ್ಸ್ ಅನ್ನುವ, ಬಿಲ್ ಮಾರುವ ಆನ್‌ಲೈನ್ ವೇದಿಕೆ ನಮಗೆ ಹೆಚ್ಚು ಉಪಯೋಗ. ನಾವು ಬಿಲ್ ಹಾಕುತ್ತೇವೆ, ನೀವು ಒಪ್ಪುತ್ತೀರಿ, ಬ್ಯಾಂಕುಗಳು ಪೈಪೋಟಿಯಲ್ಲಿ ಅದನ್ನು ಕೊಳ್ಳುತ್ತವೆ, ನಮಗೆ ಕೆಲವೇ ದಿನದಲ್ಲಿ ದುಡ್ಡು. ಗಡುವಿಗೆ ನೀವು ಬ್ಯಾಂಕಿಗೆ ಕೊಟ್ಟರಾಯಿತು. ವಹಿವಾಟು 250 ಕೋಟಿ ದಾಟಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಅದಕ್ಕೆ ಸೇರಲೇಬೇಕಿತ್ತು. ಹೆಸರು ಹಚ್ಚಿದರೆ ಸಾಲದು ಸ್ವಾಮಿ, ಬಿಲ್ ಬಂದಾಗ ಒಪ್ಪಿಗೆಯ ಬಟನ್ ಒತ್ತಬೇಕು.

ಒತ್ತಾಯದ ಮಾತು ಬಿಟ್ಟು, ಇಬ್ಬರಿಗೂ ಲಾಭವಾದ ಒಂದು ಕತೆ ಹೇಳುತ್ತೇನೆ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1997ರ ಫೆಬ್ರವರಿ 1, ಜಪಾನಿನ ಕರಿಯಾ ಊರು. ಟೊಯೋಟಾಗೆ ಬ್ರೇಕಿನ ಒಂದು ಸಣ್ಣ ವಾಲ್ವ್ ಮಾಡಿಕೊಡುತ್ತಿದ್ದ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾಗೆ ಬೇಕಿದ್ದ ಆ ವಾಲ್ವ್ ಬಹುಪಾಲು ಅಲ್ಲೊಂದೇ ಕಡೆ ತಯಾರಾಗುತ್ತಿತ್ತು. ಸ್ಟಾಕ್ ಇಟ್ಟುಕೊಳ್ಳದೆ ಬೇಕಾದಾಗ ತರಿಸಿಕೊಳ್ಳುವುದು ಟೊಯೋಟಾ ಪದ್ಧತಿ. ಕೆಲವೇ ದಿನದಲ್ಲಿ ಜಪಾನಿನ ಅದರ ಕಾರ್ಖಾನೆಗಳು ಒಂದೊಂದಾಗಿ ನಿಂತವು. ತಿಂಗಳುಗಟ್ಟಲೆ ಏಳುವುದಿಲ್ಲ ಅಂತ ಹೊರಗಿನವರು ಲೆಕ್ಕ ಹಾಕುತ್ತಿದ್ದರು. ಐಸಿನ್‌ನವರು ಡ್ರಾಯಿಂಗ್‌ಗಳನ್ನು ಹಂಚಿದರು. ಸಿಕ್ಕಸಿಕ್ಕ ಸಪ್ಲೈಯರ್‌ಗಳೆಲ್ಲ ತಮ್ಮ ತಮ್ಮ ಮೆಷಿನ್‌ನಲ್ಲಿ, ಕೈಯಲ್ಲಿದ್ದ ಟೂಲ್‌ನಲ್ಲಿ ವಾಲ್ವ್ ಕೊರೆಯಲು ಶುರುಮಾಡಿದರು. ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿ ಕೂಡ ಮಾಡಿತು. ದರ ಎಷ್ಟು, ಡ್ರಾಯಿಂಗ್ ಯಾರ ಸ್ವತ್ತು ಅನ್ನುವ ಚೌಕಾಸಿಗೆ ಯಾರೂ ಕೂರಲಿಲ್ಲ, ಅದೆಲ್ಲ ಆಮೇಲೆ ಅಂದರು. ಸುಮಾರು ಒಂದು ವಾರದಲ್ಲಿ ಲೈನ್‌ಗಳು ಮತ್ತೆ ಓಡಿದವು.

ಜಪಾನಿನವರು ಹಾಗೆ, ನಮ್ಮವರು ಹೀಗೆ ಅಂತ ನಿಟ್ಟುಸಿರು ಬಿಡುವ ಕತೆ ಅಲ್ಲ ಇದು. ಆ ಸಪ್ಲೈಯರ್‌ಗಳ ಶೆಡ್‌ಗಳಿಗೆ ಟೊಯೋಟಾ ಇಂಜಿನಿಯರ್‌ಗಳು ವರ್ಷಗಟ್ಟಲೆ ಹೋಗಿ ಬಂದು, ಜೊತೆಗೆ ನಿಂತು ಕೆಲಸ ಸುಧಾರಿಸಿಕೊಟ್ಟಿದ್ದರು. ಸುಮ್ನೆ ಒಳ್ಳೇತನವೂ ಅಲ್ಲ. ಆರ್ಡರ್ ಕೊಟ್ಟ ಮೇಲೆ ಸಕಾರಣವಿಲ್ಲದೆ ದರ ಕಡಿಯುವುದು, ಮಾಲು ವಾಪಸ್ ಕಳಿಸುವುದು, ದುಡ್ಡು ತಡ ಮಾಡುವುದು ತಪ್ಪು ಅಂತ ಅಲ್ಲಿ 1956ರಲ್ಲೇ ಕಾಯ್ದೆ ಬಂದಿದೆ. ಅದೇ ಟೊಯೋಟಾದ ಕಾರ್ಖಾನೆ ನಮ್ಮ ಬೆಂಗಳೂರು ರಸ್ತೆಯ ಬಿಡದಿಯಲ್ಲೇ ಇದೆ. ಈ ಪದ್ಧತಿ ಕಲಿಯಲು ವಿಮಾನ ಹತ್ತಬೇಕಾಗಿಲ್ಲ.

ನಮ್ಮ ಕಡೆಯವರದ್ದೆಲ್ಲ ಸರಿ ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಕೆಟ್ಟ ಸುದ್ದಿಯನ್ನು ಕೊನೆಯ ಗಳಿಗೆವರೆಗೂ ಮುಚ್ಚಿಡುವ ಚಾಳಿ ಸಣ್ಣ ಶೆಡ್‌ಗಳಲ್ಲಿ ಬೇಕಾದಷ್ಟಿದೆ. ‘ಗಾಡಿ ಹೊರಟಿದೆ ಸಾರ್’ ಅನ್ನುವಾಗ ಪಾರ್ಟ್ ಇನ್ನೂ ಮೆಷಿನ್ ಮೇಲೆ ಇರುತ್ತದೆ. ಹೀಟ್ ಟ್ರೀಟ್‌ಮೆಂಟ್ ಮಾಡಿಸುವ ಜಾಗ ಬದಲಾಯಿಸಿ ನಿಮಗೆ ತಿಳಿಸುವುದೇ ಇಲ್ಲ. ಟೆಸ್ಟ್ ಸರ್ಟಿಫಿಕೇಟ್ ಹಳೆಯದ್ದನ್ನೇ ತಾರೀಕು ಬದಲಾಯಿಸಿ ಕಳಿಸುವವರೂ ಇದ್ದಾರೆ, ಅಂಥವರನ್ನು ನೀವು ಹೊರಗೆ ಹಾಕಿದರೆ ನನಗೆ ಬೇಜಾರಿಲ್ಲ. ಆದರೆ ಮುಚ್ಚಿಡುವ ಚಾಳಿಗೆ ಕಾರಣವನ್ನೂ ನೋಡಿ. ಟೂಲ್ ಮುರಿದಿದೆ, ಎರಡು ದಿನ ತಡ ಅಂತ ನಿಜ ಹೇಳಿದವನಿಗೂ ಪೆನಾಲ್ಟಿ, ಸುಳ್ಳು ಹೇಳಿದವನಿಗೂ ಪೆನಾಲ್ಟಿ ಅಂದರೆ ಯಾರು ನಿಜ ಹೇಳುತ್ತಾರೆ? ಮೊದಲೇ ತಿಳಿಸಿದವನಿಗೆ ರಿಯಾಯಿತಿ ಇರಲಿ. ನೀವೂ ಲೈನ್ ಪ್ಲಾನ್ ಬದಲಾಯಿಸಿಕೊಳ್ಳಬಹುದು.

ಒಬ್ಬರನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಅನ್ನುವುದೂ ಈ ಊರಿಗೆ ಗೊತ್ತು. ಯಾದವಗಿರಿಯ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇವತ್ತೂ ರಸ್ತೆಯಲ್ಲಿ ಆ ಬೈಕಿನ ಸದ್ದು ಕೇಳಿದರೆ ನಮ್ಮ ವಯಸ್ಸಿನವರು ತಿರುಗಿ ನೋಡುತ್ತೇವೆ. ಹಾಗಾಗಿ, ನಮಗೆ ಮಾತ್ರ ಸಪ್ಲೈ ಮಾಡಿ, ಬೇರೆಯವರಿಗೆ ಬೇಡ ಅನ್ನುವ ಷರತ್ತು ಹಾಕಬೇಡಿ. ಇನ್ನೊಬ್ಬರ ಕೆಲಸದಲ್ಲಿ ಕಲಿತದ್ದು ನಿಮ್ಮ ಪಾರ್ಟ್ ಮಾಡುವಾಗಲೂ ಉಪಯೋಗಕ್ಕೆ ಬರುತ್ತದೆ.

ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರಿಗೆ ಎರಡು ಮಾತು. ಸಬ್ಸಿಡಿ, ಸಾಲದ ಯೋಜನೆಗಳ ಬಗ್ಗೆ ನೀವು ಸಭೆ ಮಾಡುತ್ತೀರಿ, ಅದು ನಡೆಯಲಿ. ಜೊತೆಗೆ ಹೆಬ್ಬಾಳ, ಹೂಟಗಳ್ಳಿ ಕಡೆ ಎಲ್ಲರಿಗೂ ಆಗುವ ಒಂದು ಅಳತೆಯ ಕೋಣೆ ಬೇಕು. 20 ಡಿಗ್ರಿ ಎಸಿ, ಒಂದು ಸಿಎಂಎಂ (ಸೂಕ್ಷ್ಮವಾಗಿ ಅಳೆಯುವ ಮೆಷಿನ್), ಕ್ಯಾಲಿಬ್ರೇಷನ್ ಆದ ಗೇಜ್‌ಗಳು. ಒಬ್ಬೊಬ್ಬರೇ ಸಿಎಂಎಂ ಕೊಳ್ಳುವುದು ನಮ್ಮ ಕೈಲಾಗದ ಮಾತು. ದೊಡ್ಡವರೂ ಸಣ್ಣವರೂ ಒಪ್ಪುವ ಮೂರನೆಯವರ ಅಳತೆ ಒಂದಿದ್ದರೆ ಅರ್ಧಕ್ಕರ್ಧ ಡೆಬಿಟ್ ನೋಟ್ ಹುಟ್ಟುವುದೇ ಇಲ್ಲ. ದೊಡ್ಡ ಕಾರ್ಖಾನೆಗಳಿಂದಲೂ ಅದಕ್ಕೆ ಒಂದಿಷ್ಟು ಕೊಡಿಸಿ. ನೀವು ಕೇಳಿದರೆ ಇಲ್ಲ ಅನ್ನಲಾರರು.

ಮತ್ತೆ ನಿಮ್ಮ ಕಡೆಗೇ ಬರುತ್ತೇನೆ, ಪರ್ಚೇಸ್, ಕ್ವಾಲಿಟಿ, ಡಿಸೈನ್‌ನವರೇ. ಎಲ್ಲ ಪಾರ್ಟ್, ಎಲ್ಲ ವೆಂಡರ್ ಅಂತ ದೊಡ್ಡ ಕಾರ್ಯಕ್ರಮ ಮಾಡಬೇಡಿ, ಅದು ಮತ್ತೆ ಹೋಟೆಲ್ ಊಟಕ್ಕೇ ಹೋಗಿ ನಿಲ್ಲುತ್ತದೆ. ನಿಮ್ಮ ರಿಜೆಕ್ಷನ್ ಪಟ್ಟಿಯಲ್ಲಿ ಮೇಲಿರುವ ಒಂದೇ ಒಂದು ಪಾರ್ಟ್ ಆರಿಸಿ. ಮೂರೂ ವಿಭಾಗದಿಂದ ಒಬ್ಬೊಬ್ಬರು, ಒಟ್ಟಿಗೆ, ಆ ಪಾರ್ಟ್ ಮೆಷಿನ್ ಮೇಲೆ ಓಡುವ ದಿನವೇ ಶೆಡ್‌ಗೆ ಬನ್ನಿ. ಮಾಲೀಕನ ಜೊತೆ ಮಾತ್ರ ಮಾತಾಡಿ ಹೋಗಬೇಡಿ, ಮೆಷಿನ್ ಓಡಿಸುವ ಹುಡುಗನನ್ನು ಕೇಳಿ, ಎಲ್ಲಿ ತೊಡಕು ಅನ್ನುವುದು ಅವನಿಗೆ ಗೊತ್ತು. ಉಳಿತಾಯ ಸಿಕ್ಕರೆ ಅರ್ಧ ನಿಮಗೆ, ಅರ್ಧ ಶೆಡ್‌ಗೆ ಅಂತ ಬರೆದುಕೊಳ್ಳೋಣ. ಬರುವ ಮೊದಲು ಒಂದು ಫೋನ್ ಮಾಡಿ, ಕರೆಂಟ್ ಇರುತ್ತದೋ ಇಲ್ಲವೋ ಹೇಳುತ್ತೇವೆ. ಡ್ರಾಯಿಂಗ್ ಜೊತೆ ನಿಮ್ಮ ಗೇಜನ್ನೂ ತನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಬ್ಬ ಶೆಡ್ ಮಾಲೀಕ
ಮೈಸೂರು